ತಾಳಮದ್ದಳೆಗೆ ಸುಮ್ಮನಿರುವ ಪೆಟ್ಟಿಗೆ

ಹೋಂ ಥಿಯೇಟರ್ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಮೊದಲು ಕೇಳಿಸುವುದು ಸ್ಫೋಟ. ಹೆಲಿಕಾಪ್ಟರ್ ಉರುಳಬೇಕು, ಬಂಡೆ ಸಿಡಿಯಬೇಕು, ಇಲ್ಲವಾದರೆ ನಾಯಕ ಕಾಲಿಟ್ಟ ಕಡೆ ನೆಲ ಬಿರಿಯಬೇಕು. ಎದೆಗೂಡು ಒಮ್ಮೆ ಅದುರಿತೆಂದರೆ ವ್ಯಾಪಾರ ಕುದುರಿತು. ಈ ಪರೀಕ್ಷೆಯಲ್ಲಿ ಯಾವ ಸಬ್‌ವೂಫರ್ ಕೂಡ ಫೇಲಾಗುವುದಿಲ್ಲ, ಅದೇ ಅದರ ದೋಷ. ಹೆಲಿಕಾಪ್ಟರ್ ಉರುಳುವ ಸದ್ದನ್ನು ಕಿವಿಯಾರೆ ಕೇಳಿದವರು ನಮ್ಮಲ್ಲಿ ಯಾರಿದ್ದಾರೆ? ಅಸಲೇ ಗೊತ್ತಿಲ್ಲದ ಮೇಲೆ ನಕಲು ಸರಿಯೋ ತಪ್ಪೋ ಹೇಳುವುದು ಹೇಗೆ? ಜೋರಾಗಿದ್ದರೆ ಚೆನ್ನಾಗಿದೆ ಎನ್ನಬೇಕು, ಅಷ್ಟೆ. ಅದೇ ಅಂಗಡಿಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರದ್ದೋ ಮಲ್ಪೆ ರಾಮದಾಸ ಸಾಮಗರದ್ದೋ ಒಂದು ತಾಳಮದ್ದಳೆಯ ಧ್ವನಿಮುದ್ರಣ ಹಾಕಿಸಿ ನೋಡಿ. ವೇಷವಿಲ್ಲ, ಕುಣಿತವಿಲ್ಲ, ಪದ ಮುಗಿದ ಮೇಲೆ ಇರುವುದೆಲ್ಲ ಮಾತು. ಆ ಮಾತನಾಡುವ ಅರ್ಥಧಾರಿಯ ಗಂಟಲು ಹೇಗಿರಬೇಕೆಂಬುದು ಉಡುಪಿ, ಕಾಪು, ಕಾರ್ಕಳದ ಕಡೆ ಕಿವಿ ನೆಟ್ಟಗಿರುವ ಎಲ್ಲರಿಗೂ ಗೊತ್ತು. ಆ ಮಾತು ನಡೆಯುವಾಗ ಟಿವಿಯ ಪಕ್ಕದ ಕಪ್ಪು ಪೆಟ್ಟಿಗೆ ಹೆಚ್ಚುಕಡಿಮೆ ಸುಮ್ಮನಿರಬೇಕು. ಸುಮ್ಮನಿರದೆ ಅದೂ ಅರ್ಥಧಾರಿಯ ಕರ್ಣನ ಜೊತೆ ಸೇರಿ ಗುಂಯ್‌ಗುಡತೊಡಗಿದರೆ ಅದನ್ನು ಅಲ್ಲೇ ಬಿಟ್ಟು ಬರಬಹುದು. ಸಬ್‌ವೂಫರನ್ನು ಗುಡುಗಿನಿಂದ ಅಳೆಯಬಾರದು, ಮಾತಿನಿಂದ ಅಳೆಯಬೇಕು ಎಂಬುದು ನನ್ನ ವಾದ.

ಕುಚೋದ್ಯದಂತೆ ಕಂಡರೂ ಇದರ ಹಿಂದೆ ಲೆಕ್ಕವಿದೆ. ಸಬ್‌ವೂಫರಿನ ಪಾಲಿಗೆ ಬರುವುದು ಸುಮಾರು 20ರಿಂದ 80 ಹರ್ಟ್ಸ್ ತನಕದ ಕೆಳದನಿ. 20ಕ್ಕಿಂತ ಕೆಳಗಿನದನ್ನು ಕಿವಿ ಕೇಳುವುದಕ್ಕಿಂತ ಮೈ ಅರಿಯುವುದೇ ಹೆಚ್ಚು. 5.1 ಎಂದು ಬರೆಯುತ್ತಾರಲ್ಲ, ಅದರ ಕೊನೆಯ ಚುಕ್ಕಿ ಒಂದು ಎಂದರೆ 120 ಹರ್ಟ್ಸ್ ದಾಟದ, ಕೆಳದನಿಗೆಂದೇ ಮೀಸಲಾದ ಚಾನೆಲ್. ಸಿನಿಮಾದವರಿಗೆ ಈ ಹುಚ್ಚು ಹಳೆಯದು. 1974ರ ‘ಅರ್ತ್‌ಕ್ವೇಕ್’ ಚಿತ್ರಕ್ಕಾಗಿ ಸೆನ್ಸರೌಂಡ್ ಎಂಬ ಏರ್ಪಾಟು ಮಾಡಿ, ಥಿಯೇಟರುಗಳೊಳಗೆ ಭಾರೀ ಪೆಟ್ಟಿಗೆಗಳನ್ನು ಪೇರಿಸಿ ಪ್ರೇಕ್ಷಕರ ಕುರ್ಚಿ ನಡುಗಿಸಿದ್ದರು. 1992ರಲ್ಲಿ ಡಾಲ್ಬಿ ಡಿಜಿಟಲ್ ಬಂದ ಮೇಲೆ ಕೆಳದನಿಗೆ ಖಾಯಂ ಆದ ಪ್ರತ್ಯೇಕ ದಾರಿಯೇ ಸಿಕ್ಕಿತು. ಇನ್ನು ಮನುಷ್ಯನ ಮಾತು. ಗಂಡಸಿನ ದನಿಯ ತಳ ಸಾಮಾನ್ಯವಾಗಿ 100ರಿಂದ 150 ಹರ್ಟ್ಸ್ ಆಸುಪಾಸು, ಹೆಂಗಸಿನದು 200ರ ಸುತ್ತಮುತ್ತ. ಅಂದರೆ 80ಕ್ಕೆ ಗೆರೆ ಎಳೆದರೆ ಮಾತೆಲ್ಲ ಗೆರೆಯಿಂದ ಮೇಲೆ ಉಳಿಯುತ್ತದೆ. ಆ 80 ಎಂಬುದೂ ಸುಮ್ಮನೆ ಆರಿಸಿದ ಅಂಕಿಯಲ್ಲ. ಅದಕ್ಕಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕೋಣೆಯೊಳಗೆ ಪತ್ತೆಹಚ್ಚುವುದು ಕಿವಿಗೆ ಕಷ್ಟ. ಹಾಗಾಗಿಯೇ ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟರೂ ಸದ್ದು ಪರದೆಯಿಂದಲೇ ಬಂದಂತೆ ತೋರುತ್ತದೆ.

ಆದರೆ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಸೆಟ್ಟುಗಳಲ್ಲಿ ಉಳಿದ ಐದು ಸ್ಪೀಕರುಗಳು ಮುಷ್ಟಿಯಷ್ಟಿರುತ್ತವೆ. ಅವಕ್ಕೆ 150–200 ಹರ್ಟ್ಸ್‌ನಿಂದ ಕೆಳಗಿಳಿಯುವ ತಾಕತ್ತಿಲ್ಲ. ಅಷ್ಟೂ ಭಾರವನ್ನು ವೂಫರ್ ಹೊರಬೇಕು. ಆಗ ಅರ್ಥಧಾರಿ ಎರಡು ತುಂಡಾಗುತ್ತಾನೆ: ಸಕಾರ, ಶಕಾರ, ತಕಾರಗಳೆಲ್ಲ ಟಿವಿಯ ಕೆಳಗಿನಿಂದ, ಎದೆಯ ದನಿ ಮಾತ್ರ ಸೋಫಾ ಪಕ್ಕದ ಮೂಲೆಯಿಂದ. ಸ್ಫೋಟದ ದೃಶ್ಯದಲ್ಲಿ ಈ ಒಡಕು ಗೊತ್ತಾಗುವುದೇ ಇಲ್ಲ. ಮಾತಿನಲ್ಲಿ ಎರಡು ನಿಮಿಷಕ್ಕೆ ಗೊತ್ತಾಗುತ್ತದೆ. ಪರೀಕ್ಷೆಯೂ ಸುಲಭ. ಅರ್ಥ ನಡೆಯುತ್ತಿರುವಾಗ ಪೆಟ್ಟಿಗೆಯ ಹತ್ತಿರ ಬಗ್ಗಿ ಕಿವಿಯಿಡಿ. ದೂರದ ಗೊಣಗಾಟದಂಥದ್ದೇನೋ ಕೇಳಿಸಿದರೆ ಅಡ್ಡಿಯಿಲ್ಲ, ಯಾವ ಫಿಲ್ಟರೂ ಕತ್ತಿಯಲ್ಲಿ ಕಡಿದಂತೆ ಕಡಿಯುವುದಿಲ್ಲ. ಮಾತು ಮಾತಾಗಿಯೇ ತಿಳಿಯುವಂತಿದ್ದರೆ ಅದು ಸಬ್‌ವೂಫರ್ ಅಲ್ಲ, ದಪ್ಪ ದನಿಯ ಸ್ಪೀಕರು. ಇದರಿಂದ ಹೊರಡುವ ಮೊದಲ ತೀರ್ಮಾನ ಅಂಗಡಿಯವರಿಗೆ ಅಷ್ಟೇನೂ ಹಿತವಲ್ಲ: ಸಬ್‌ವೂಫರ್ ಆರಿಸುವ ಮೊದಲು 80 ಹರ್ಟ್ಸ್ ತನಕ ಇಳಿಯಬಲ್ಲ ಎರಡೋ ಮೂರೋ ಒಳ್ಳೆಯ ಸ್ಪೀಕರುಗಳನ್ನು ಆರಿಸಬೇಕು. ಹಣ ಸಾಲದಿದ್ದರೆ ವೂಫರ್ ಮುಂದಿನ ವರ್ಷಕ್ಕೆ ಇರಲಿ.

ಅಂಗಡಿಯ ಚೀಟಿಯಲ್ಲಿ ದಪ್ಪಕ್ಷರದಲ್ಲಿರುವುದು ಎರಡು ಅಂಕಿ, ವ್ಯಾಟ್ ಮತ್ತು ಇಂಚು. ಎರಡರಿಂದಲೂ ತಿಳಿಯುವುದು ಸ್ವಲ್ಪ. ಹಿಂದೆ ಪಿಎಂಪಿಒ ಎಂಬ ಮಾಯಾ ಲೆಕ್ಕವಿತ್ತು, ಅಂಗೈಯಗಲದ ಟೇಪ್‌ರೆಕಾರ್ಡರಿಗೂ ಸಾವಿರಗಟ್ಟಲೆ ವ್ಯಾಟ್. ಈಗ ಆರ್‌ಎಂಎಸ್ ಎಂದು ಬರೆದರೂ ಮೋಹ ಅದೇ. 100 ವ್ಯಾಟಿನಿಂದ 200 ವ್ಯಾಟಿಗೆ ಹೋದರೆ ಸಿಗುವುದು 3 ಡೆಸಿಬಲ್. ಗಮನವಿಟ್ಟರೆ ತಿಳಿಯುವಷ್ಟು ವ್ಯತ್ಯಾಸ. ಇಂಚಿನ ಮಾತಿಗೆ ಸ್ವಲ್ಪ ತೂಕವಿದೆ, 12 ಇಂಚಿನ ಕೋನು 8 ಇಂಚಿನದಕ್ಕಿಂತ ಎರಡೂಕಾಲು ಪಟ್ಟು ಗಾಳಿ ತಳ್ಳುತ್ತದೆ. ಆದರೆ ಪೆಟ್ಟಿಗೆಯ ಗಾತ್ರ ಬಿಟ್ಟು ಇಂಚನ್ನಷ್ಟೇ ಹೇಳುವುದು ಅರ್ಧ ಸತ್ಯ. ಜೆ. ಆಂಟನ್ ಹಾಫ್‌ಮನ್ ಎಂಬ ಸ್ಪೀಕರ್ ತಯಾರಕರ ಹೆಸರಿನಲ್ಲಿ ಒಂದು ನಿಯಮವಿದೆ: ತೀರ ಕೆಳದನಿ, ಚಿಕ್ಕ ಪೆಟ್ಟಿಗೆ, ಕಡಿಮೆ ಕರೆಂಟಿನಲ್ಲಿ ಜೋರು ಸದ್ದು, ಈ ಮೂರರಲ್ಲಿ ಯಾವುದಾದರೂ ಎರಡನ್ನು ಮಾತ್ರ ಪಡೆಯಬಹುದು. ಮೂರನ್ನೂ ಕೊಡುತ್ತೇವೆ ಎಂದು ಜಾಹೀರಾತು ಹೇಳಿದರೆ ಬಿಟ್ಟುಕೊಟ್ಟದ್ದು ಯಾವುದೆಂದು ಕೇಳಬೇಕು. ಸಾಮಾನ್ಯವಾಗಿ ಬಿಟ್ಟುಕೊಟ್ಟಿರುವುದು ಕೆಳದನಿಯನ್ನೇ. 50–60 ಹರ್ಟ್ಸ್ ಹತ್ತಿರ ಒಂದು ಗುಡ್ಡ ಎಬ್ಬಿಸಿ, ಅದರ ಕೆಳಗಿನದೆಲ್ಲ ಇದೆಯೆಂದು ನಂಬಿಸುವುದು ಸುಲಭ. ಕಾರಿನ ಗಾಜು ನಡುಗಿಸಿಕೊಂಡು ಹೈವೇಯಲ್ಲಿ ಹೋಗುವವರ ಡಿಕ್ಕಿಯಲ್ಲಿ ಇರುವುದು ಬಹುಪಾಲು ಇದೇ ಗುಡ್ಡ.

ನಮ್ಮ ಕಿವಿಯೂ ಈ ಮೋಸಕ್ಕೆ ಒಳಗಿಂದಲೇ ಸಹಕರಿಸುತ್ತದೆ. ಸಮಾನ ಜೋರಿನ ರೇಖೆಗಳನ್ನು ಫ್ಲೆಚರ್ ಮತ್ತು ಮುನ್ಸನ್ 1933ರಲ್ಲೇ ಅಳೆದು ಪ್ರಕಟಿಸಿದರು. ನಡುದನಿಯಲ್ಲಿ ಸೊನ್ನೆ ಡೆಸಿಬಲ್ ಹತ್ತಿರವೇ ಕಿವಿಗೆ ಬೀಳುವ ಸದ್ದು, 20 ಹರ್ಟ್ಸ್‌ನಲ್ಲಿ ಬರೀ ಕೇಳಿಸುವುದಕ್ಕೇ 70 ಡೆಸಿಬಲ್ ದಾಟಬೇಕು. ಆದರೆ ಒಮ್ಮೆ ಕೇಳಿಸತೊಡಗಿತೋ, ಅದು ಏರುವ ವೇಗವೇ ಬೇರೆ. ನಡುದನಿಯಲ್ಲಿ ಸದ್ದು ಇಮ್ಮಡಿಯಾದಂತೆ ಅನಿಸಲು ಸುಮಾರು 10 ಡೆಸಿಬಲ್ ಬೇಕು. ತೀರ ಕೆಳದನಿಯಲ್ಲಿ ಹೆಚ್ಚುಕಡಿಮೆ ಅದರ ಅರ್ಧ ಸಾಕು. ಅಂದರೆ ವೂಫರಿನ ತಿರುಗಣೆಯಲ್ಲಿ ಒಂದು ಸಣ್ಣ ತಪ್ಪು ಕಿವಿಯಲ್ಲಿ ದೊಡ್ಡ ತಪ್ಪಾಗುತ್ತದೆ. ಇನ್ನೊಂದೆರಡು ಡೆಸಿಬಲ್ ಇರಲಿ ಎಂಬ ಉದಾರತನ ಮಾತಿಗಾದರೆ ನಡೆದೀತು, ಕೆಳದನಿಗೆ ನಡೆಯುವುದಿಲ್ಲ.

ಇಲ್ಲಿಗೆ ಪೆಟ್ಟಿಗೆಯ ಮಾತಾಯಿತು. ನಿಜವಾದ ತಂಟೆ ಇರುವುದು ಕೋಣೆಯಲ್ಲಿ. ನಮ್ಮ ಕರಾವಳಿಯ ಸೆಖೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 348 ಮೀಟರ್ ಓಡುತ್ತದೆ. 20 ಹರ್ಟ್ಸ್‌ನ ಒಂದು ಅಲೆ 17 ಮೀಟರಿಗಿಂತ ಉದ್ದ, ಅದು ಪೂರ್ತಿ ಮೈಚಾಚುವಷ್ಟು ಜಾಗ ಯಾವ ಮನೆಯ ಹಾಲಿನಲ್ಲೂ ಇಲ್ಲ. ಹದಿನೈದು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತಡಿ ಎತ್ತರದ ಕೋಣೆಯನ್ನೇ ಲೆಕ್ಕಕ್ಕೆ ಹಿಡಿಯೋಣ. ಉದ್ದದ ಎರಡು ತುದಿಯ ಗೋಡೆಗಳ ನಡುವೆ 38 ಹರ್ಟ್ಸ್‌ನ ಸದ್ದು, ಅಗಲದ ನಡುವೆ ಸುಮಾರು 48, ನೆಲ–ತಾರಸಿಗಳ ನಡುವೆ 57 ಹರ್ಟ್ಸ್‌ನ ಸದ್ದು ಹಿಂದೆ ಮುಂದೆ ಬಡಿದು ನಿಂತ ಅಲೆಯಾಗುತ್ತವೆ. ಈ ಮೂರು ಸ್ವರ ಬಂದಾಗಲೆಲ್ಲ ಗೋಡೆಯ ಹತ್ತಿರ ಕೂತವರಿಗೆ ಬುಂಯ್, ಕೋಣೆಯ ನಟ್ಟನಡುವೆ ಕೂತವರಿಗೆ ಬಹುತೇಕ ಏನೂ ಇಲ್ಲ. ಅದೇ ಪೆಟ್ಟಿಗೆ, ಅದೇ ಸಿನಿಮಾ, ಅದೇ ಕ್ಷಣ. ಅಪ್ಪನಿಗೆ ಬೇಸ್ ಜಾಸ್ತಿ, ಮಗನಿಗೆ ಬೇಸೇ ಇಲ್ಲ. ಇಬ್ಬರೂ ಹೇಳುತ್ತಿರುವುದು ನಿಜ. ನಮ್ಮ ಮನೆಗಳಲ್ಲಿ ಸೋಫಾವನ್ನು ಗೋಡೆಗೆ ತಾಗಿಸಿಯೇ ಇಡುವುದು ರೂಢಿ, ವೂಫರನ್ನು ತ್ರೀ-ಪಿನ್ ಪಾಯಿಂಟ್ ಎಲ್ಲಿದೆಯೋ ಆ ಮೂಲೆಗೆ ತಳ್ಳುವುದೂ ರೂಢಿ. ಮೂಲೆಯಲ್ಲಿಟ್ಟ ಪೆಟ್ಟಿಗೆ ಎಲ್ಲ ನಿಂತ ಅಲೆಗಳನ್ನೂ ಒಟ್ಟಿಗೇ ಎಬ್ಬಿಸುತ್ತದೆ, ಗೋಡೆಗೆ ತಾಗಿ ಕೂತವರ ಕಿವಿ ಅವೆಲ್ಲವನ್ನೂ ಒಟ್ಟಿಗೇ ಹಿಡಿಯುತ್ತದೆ. ಅಂಗಡಿಯಲ್ಲಿ ಗಂಭೀರವಾಗಿದ್ದ ಪೆಟ್ಟಿಗೆ ಮನೆಗೆ ಬಂದೊಡನೆ ಅರಚುವುದು ಇದರಿಂದ.

ಥಿಯೇಟರಿನಲ್ಲಿ ಹೀಗಾಗುವುದಿಲ್ಲವಲ್ಲ ಎಂದು ಕೇಳಬಹುದು. ಆಗುವುದಿಲ್ಲ, ಕಾರಣ ದೊಡ್ಡ ಪೆಟ್ಟಿಗೆಯಲ್ಲ, ದೊಡ್ಡ ಕೋಣೆ. ಯಾವ ಕಂಪನದಿಂದ ಮೇಲೆ ಕೋಣೆ ಸದ್ದನ್ನು ಸಮನಾಗಿ ಹರಡುತ್ತದೆ, ಯಾವುದರಿಂದ ಕೆಳಗೆ ತನ್ನಿಚ್ಛೆಯಂತೆ ಕುಣಿಸುತ್ತದೆ ಎಂಬುದಕ್ಕೆ ಮಾನ್‌ಫ್ರೆಡ್ ಶ್ರೋಡರ್ ಕೊಟ್ಟ ಸೂತ್ರವಿದೆ. ಅದರಲ್ಲಿ ಆರು ಸಾವಿರ ಘನ ಮೀಟರಿನ, ಒಂದು ಸೆಕೆಂಡು ಅನುರಣಿಸುವ ಸಿನಿಮಾ ಮಂದಿರವನ್ನು ಹಾಕಿ ನೋಡಿದರೆ ಗಡಿ 26 ಹರ್ಟ್ಸ್ ಹತ್ತಿರ ಬರುತ್ತದೆ. ಐವತ್ತು ಘನ ಮೀಟರಿನ ಮನೆಯ ಕೋಣೆಗೆ ಅದೇ ಗಡಿ 200 ಹರ್ಟ್ಸ್ ಆಚೀಚೆ. ಉಡುಪಿಯ ಕಲ್ಪನಾ, ಅಲಂಕಾರ್‌ನಂಥ ಹಳೆಯ ಥಿಯೇಟರುಗಳಲ್ಲಿ ಕೆಳದನಿಯ ಬಹುಪಾಲು ಮಂದಿರದ ಹಂಗಿಲ್ಲದೆ ಹರಡಿಕೊಂಡೀತು; ಮನೆಯಲ್ಲಿ ಸಬ್‌ವೂಫರ್ ಹೊರಡಿಸುವ ಒಂದೊಂದು ಸ್ವರವೂ ಗೋಡೆಗಳ ಅಪ್ಪಣೆ ಪಡೆದೇ ಕಿವಿ ಮುಟ್ಟುವುದು. ದೊಡ್ಡ ಪೆಟ್ಟಿಗೆ ತಂದು ಚಿಕ್ಕ ಕೋಣೆಯನ್ನು ಥಿಯೇಟರ್ ಮಾಡಲಾಗದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ದಪ್ಪ ಪರದೆ, ಕಾರ್ಪೆಟ್, ಗೋಡೆಗೆ ಅಂಟಿಸುವ ಸ್ಪಂಜು, ಮೊಟ್ಟೆ ಟ್ರೇಗಳಿಂದಲೂ ಇದು ಬಗೆಹರಿಯದು. 40 ಹರ್ಟ್ಸ್‌ನ ಅಲೆಯ ಕಾಲುಭಾಗವೇ ಎರಡು ಮೀಟರಿಗಿಂತ ಹೆಚ್ಚು. ಎರಡಿಂಚಿನ ಸ್ಪಂಜಿಗೆ ಅದು ಲಕ್ಷ್ಯವನ್ನೇ ಕೊಡುವುದಿಲ್ಲ.

ನಮ್ಮ ಕಡೆಯ ಹಳೆಯ ಮನೆಗಳಿಗೆ ಮಾತ್ರ ಈ ವಿಷಯದಲ್ಲಿ ಒಂದು ಆಕಸ್ಮಿಕ ಅದೃಷ್ಟವಿದೆ. ಮುರಕಲ್ಲಿನ ಗೋಡೆ ದಪ್ಪ, ಸದ್ದನ್ನು ಹೊರಗೆ ಬಿಡುವುದಿಲ್ಲ ಎಂದು ಎಲ್ಲರೂ ಗೋಡೆಯನ್ನೇ ಹೊಗಳುತ್ತಾರೆ. ನಿಜವಾಗಿ ಕೆಲಸ ಮಾಡುವುದು ತಲೆಯ ಮೇಲಿನದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಊರೂರಿಗೆ ಹಬ್ಬಿದ ಹಂಚಿನ ಮಾಡಿನಲ್ಲಿ ಪಕ್ಕಾಸು, ರೀಪು, ಹಂಚುಗಳ ನಡುವೆ ಸಂದೋ ಸಂದು. ಮೇಲೆ ಮುಚ್ಚಿಗೆಯಿಲ್ಲದ ಚಾವಡಿಯಲ್ಲಿ ಕೆಳದನಿ ಆ ಸಂದುಗಳಿಂದ ಹೊರಗೆ ಸೋರಿಹೋಗುತ್ತದೆ. ನಿಂತ ಅಲೆಗೆ ಮೇಲುಗಡೆ ಗಟ್ಟಿ ಗೋಡೆಯೇ ಸಿಗುವುದಿಲ್ಲ. ಮುಚ್ಚಿಗೆ ಇದ್ದರಂತೂ ಇನ್ನೂ ಚೆನ್ನ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಬಿಚ್ಚಿ ತಂದು ಮತ್ತೆ ಕಟ್ಟಿಸಿದ ಮನೆಗಳಲ್ಲಿ ತಲೆಯೆತ್ತಿ ನೋಡಿದರೆ ಇದು ಅರ್ಥವಾಗುತ್ತದೆ. ತೊಲೆಗಳ ಮೇಲೆ ಹಾಸಿದ ಹಲಗೆ, ಅದರ ಮೇಲೆ ಅಟ್ಟದ ಗಾಳಿ, ಅದರ ಮೇಲೆ ಹಂಚು. ಹಲಗೆ ಸ್ವಲ್ಪ ಬಳುಕಿ, ಹಿಂದಿನ ಗಾಳಿಯನ್ನು ಒತ್ತಿ, ಕೆಳದನಿಯ ಒಂದಷ್ಟು ಶಕ್ತಿಯನ್ನು ತಾನೇ ನುಂಗಿಕೊಳ್ಳುತ್ತದೆ. ರೆಕಾರ್ಡಿಂಗ್ ಸ್ಟುಡಿಯೋದವರು ಹಣ ಸುರಿದು ಗೋಡೆಗೆ ಕಟ್ಟಿಸುವ ಹಲಗೆಯ ಹೀರುಗಗಳ ತತ್ವ ಇದೇ. ಸೆಖೆ ತಡೆಯಲು, ಅಡಿಕೆ–ತೆಂಗಿನಕಾಯಿ ಇಡಲು ಮಾಡಿಕೊಂಡ ಅಟ್ಟ ಹೀಗೆ ಯಾರೂ ಎಣಿಸದ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಕಾರ್ಕಳದ ಆಚೀಚೆ ಇಂಥ ಮನೆ ಉಳಿಸಿಕೊಂಡವರು ಹೋಂ ಥಿಯೇಟರಿಗೆಂದು ಪ್ರತ್ಯೇಕ ಆರ್‌ಸಿಸಿ ಕೋಣೆ ಕಟ್ಟಿಸುವ ಮೊದಲು ಚಾವಡಿಯಲ್ಲೊಮ್ಮೆ ಪೆಟ್ಟಿಗೆ ಇಟ್ಟು ಕೇಳಲಿ. ತಾರಸಿಯ ಕೋಣೆಯಲ್ಲಿ, ಅದರಲ್ಲೂ ಹನ್ನೆರಡು ಹನ್ನೆರಡರ ಚೌಕದಲ್ಲಿ, ಉದ್ದ ಅಗಲಗಳೆರಡೂ ಒಂದೇ ಸ್ವರವನ್ನು ಹಿಡಿದು ಜಗ್ಗುತ್ತವೆ. ಅದಕ್ಕಿಂತ ಕೆಟ್ಟ ಆಕಾರ ಸಿಗುವುದು ಕಷ್ಟ.

ಪೆಟ್ಟಿಗೆಯ ಜಾತಿಯನ್ನೂ ಕೋಣೆ ಎಂಥದೆಂಬುದರ ಮೇಲೆಯೇ ತೀರ್ಮಾನಿಸಬೇಕು. ಸಬ್‌ವೂಫರುಗಳಲ್ಲಿ ಮುಖ್ಯವಾಗಿ ಎರಡು ಬಗೆ: ಪೂರ್ತಿ ಮುಚ್ಚಿದ್ದು, ಕೊಳವೆಯಂಥ ತೂತು ಇರುವುದು. ಮುಚ್ಚಿದ್ದರ ಸದ್ದು ತನ್ನ ಮಿತಿಯ ಕೆಳಗೆ ಮೆಲ್ಲಗೆ ಇಳಿಯುತ್ತದೆ, ಒಂದು ಸಪ್ತಕಕ್ಕೆ 12 ಡೆಸಿಬಲ್. ತೂತಿನದು ಒಂದು ಹಂತದವರೆಗೆ ಜೋರಾಗಿ ನುಡಿದು ಅಲ್ಲಿಂದ ಸಪ್ತಕಕ್ಕೆ 24ರಂತೆ ಧೊಪ್ಪನೆ ಬೀಳುತ್ತದೆ, ಆ ಹಂತದ ಹತ್ತಿರ ಸದ್ದು ನಿಲ್ಲುವುದೂ ತಡ. ಮದ್ದಳೆಗಾರರು ಪೆಟ್ಟು ಕೊಟ್ಟ ಕೈಯಲ್ಲೇ ಬಾಯಿಚರ್ಮವನ್ನು ಒತ್ತಿ ನಾದವನ್ನು ಕತ್ತರಿಸುತ್ತಾರಲ್ಲ, ಮುಂದಿನ ಹೊಡೆತಕ್ಕೆ ಜಾಗವಾಗುವುದು ಹಾಗೆ. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಕೋನಿನ ಬೆನ್ನಿಗೆ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಇನ್ನೊಂದು ಅನುಕೂಲವೂ ಇದೆ. ಬಾಗಿಲು ಹಾಕಿದ ಚಿಕ್ಕ ತಾರಸಿ ಕೋಣೆಯಲ್ಲಿ ಅಲೆ ಹಿಡಿಸದಷ್ಟು ಕೆಳಗಿನ ಸದ್ದಿಗೆ ಕೋಣೆಯ ಗಾಳಿಯೇ ಒತ್ತಡ ಕೂಡಿಸುತ್ತದೆ. ಮುಚ್ಚಿದ ಪೆಟ್ಟಿಗೆ ಇಳಿಯುವ ಕಡೆ ಕೋಣೆ ಎತ್ತಿ ಹಿಡಿಯುತ್ತದೆ, ಲೆಕ್ಕ ಸಮವಾಗುತ್ತದೆ. ಆದ್ದರಿಂದ ಮಣಿಪಾಲದ ಫ್ಲ್ಯಾಟಿಗೆ, ಹೊಸ ಮನೆಯ ಮಲಗುವ ಕೋಣೆಗೆ ಮುಚ್ಚಿದ, ಚಿಕ್ಕ ಪೆಟ್ಟಿಗೆ ಸಾಕು. ಹಂಚಿನ ಚಾವಡಿಗೆ ಈ ಸಹಾಯ ಇಲ್ಲ. ಸೋರಿಹೋಗುವುದನ್ನು ತುಂಬಿಸಲು ಅಲ್ಲಿ ತೂತಿನ ದೊಡ್ಡ ಪೆಟ್ಟಿಗೆಯೇ ಬೇಕಾದೀತು. ಸಣ್ಣದೇ ಸುಂದರ ಎಂದು ಎಲ್ಲ ಕಡೆ ಹೇಳುವವನು ನಾನಲ್ಲ.

ಈಗ ಎದುರು ವಾದಗಳು. ಎಲ್ಲಕ್ಕಿಂತ ಬಲವಾದದ್ದು ಸಿನಿಮಾ ಪ್ರೇಮಿಗಳದ್ದು: ತಾಳಮದ್ದಳೆ ಕೇಳಲು ರೇಡಿಯೋ ಸಾಕು, ನಾವು ಹಣ ಹಾಕುವುದು ‘ಕಾಂತಾರ’ ನೋಡಲು, ಮೈ ನಡುಗದಿದ್ದರೆ ಏನು ಬಂತು? ನ್ಯಾಯವಾದ ಮಾತು. ಆದರೆ ಕುಂದಾಪುರದ ಕೆರಾಡಿಯ ರಿಷಬ್ ಶೆಟ್ಟರ ಆ ಚಿತ್ರ 2022ರಲ್ಲಿ ಬಂದಾಗ ಜನ ಥಿಯೇಟರಿನಿಂದ ಹೊರಗೆ ಹೊತ್ತು ತಂದ ಸದ್ದು ಯಾವುದು? ದೈವದ ಕೂಗು. ಅದು ಮನುಷ್ಯನ ಗಂಟಲಿನಿಂದ ಹೊರಟದ್ದು, ನಡುದನಿಯದ್ದು, ಸಬ್‌ವೂಫರಿಗೆ ಅದರಲ್ಲಿ ಪಾಲಿಲ್ಲ. ಕೋಲ ನೋಡಿ ಬೆಳೆದವರಿಗೆ ರೋಮ ಏಳುವುದು ತೆಂಬರೆ, ನಾಗಸ್ವರ, ಆ ಕೂಗುಗಳಿಗೆ. ಬಯಲಾಟದ ಚೆಂಡೆ ಗದ್ದೆಗಳಾಚೆ ಕೇಳಿಸುತ್ತಿದ್ದದ್ದೂ ಅದರ ಮೇಲುದನಿಯ ಮೊನಚಿನಿಂದ. ನಮ್ಮ ಊರಿನ ಭಯಭಕ್ತಿಗಳು ಬಹುಪಾಲು 80 ಹರ್ಟ್ಸ್‌ಗೆ ಮೇಲೆಯೇ ನಡೆಯುತ್ತವೆ. ನಿಜವಾದ ಕೆಳದನಿ ಎಂದರೆ ಜಾತ್ರೆಯ ಕದಿನ, ಮಳೆಗಾಲದ ಗುಡುಗು, ಕಡಲ ಮೊರೆತ, ಇಷ್ಟೆ. ಅವು ಅಪರೂಪವಾದ್ದರಿಂದಲೇ ಬೆಚ್ಚಿಬೀಳಿಸುತ್ತವೆ. ಎರಡು ಗಂಟೆಯೂ ಗುಂಯ್‌ಗುಡುತ್ತಿರುವ ಪೆಟ್ಟಿಗೆಯಿಂದ ಗುಡುಗು ಬಂದರೆ ಅದು ಗುಡುಗೆಂದು ಗೊತ್ತಾಗುವುದಾದರೂ ಹೇಗೆ? ಮಾತಿಗೆ ಸುಮ್ಮನಿದ್ದ ಪೆಟ್ಟಿಗೆ ಕ್ಲೈಮ್ಯಾಕ್ಸಿನಲ್ಲಿ 30 ಹರ್ಟ್ಸ್‌ಗೆ ಇಳಿದಾಗ ಆಗುವ ನಡುಕವೇ ಸಿನಿಮಾದವರು ಉದ್ದೇಶಿಸಿದ ನಡುಕ. ಹಾಗಾಗಿ ಸಿನಿಮಾ ಪ್ರೇಮಿಗಳೇ ನನ್ನ ಪಕ್ಷಕ್ಕೆ ಬರಬೇಕು.

ಎರಡನೆಯದು ಯಂತ್ರವನ್ನು ನಂಬಿದವರ ವಾದ. ಈಗಿನ ರಿಸೀವರುಗಳು ಮೈಕ್ ಕೊಡುತ್ತವೆ, ಸೋಫಾದ ಮೇಲಿಟ್ಟು ಗುಂಡಿ ಒತ್ತಿದರೆ ಕೋಣೆಯನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಅರ್ಧ ಸರಿಪಡಿಸುತ್ತವೆ. ಬುಂಯ್ ಎನ್ನುವ ಗುಡ್ಡಗಳನ್ನು ತಗ್ಗಿಸುವುದು ಅವಕ್ಕೆ ಸಲೀಸು. ಸದ್ದು ಸದ್ದನ್ನೇ ಕೊಂದುಕೊಂಡ ಹೊಂಡಗಳನ್ನು ತುಂಬುವುದು ಆಗದ ಕೆಲಸ. ಅಲ್ಲಿ 10 ಡೆಸಿಬಲ್ ಎತ್ತಬೇಕಾದರೆ ಹತ್ತು ಪಟ್ಟು ಕರೆಂಟು ಸುರಿಯಬೇಕು, ಸುರಿದಷ್ಟನ್ನೂ ಎದುರು ಗೋಡೆಯಿಂದ ಮರಳಿ ಬರುವ ಅಲೆ ಮತ್ತೆ ಅಳಿಸುತ್ತದೆ. ಮೇಲಾಗಿ ಒಂದು ಕುರ್ಚಿಗೆ ಸರಿಯಾದದ್ದು ಪಕ್ಕದ ಕುರ್ಚಿಗೆ ತಪ್ಪು. ಇದಕ್ಕೆ ಪೆಟ್ಟಿಗೆಯ ಜಾಗವೇ ಮದ್ದು. ಟಾಡ್ ವೆಲ್ಟಿ ಎಂಬ ಸಂಶೋಧಕರು 2002ರಲ್ಲಿ ಎಷ್ಟು ಸಬ್‌ವೂಫರ್ ಇದ್ದರೆ ಸಾಕು ಎಂಬ ಪ್ರಶ್ನೆಯನ್ನೇ ಎತ್ತಿಕೊಂಡು, ಬೇರೆ ಬೇರೆ ಸಂಖ್ಯೆ, ಬೇರೆ ಬೇರೆ ಜಾಗಗಳನ್ನು ಪರಿಶೀಲಿಸಿದರು. ಎದುರುಬದುರು ಗೋಡೆಗಳ ನಡುಮಧ್ಯದಲ್ಲಿಟ್ಟ ಎರಡು ಪೆಟ್ಟಿಗೆಗಳು ಎಲ್ಲ ಕುರ್ಚಿಗಳಿಗೂ ಸದ್ದನ್ನು ಗಣನೀಯವಾಗಿ ಸಮಮಾಡುತ್ತವೆ, ನಾಲ್ಕಕ್ಕಿಂತ ಹೆಚ್ಚಿಟ್ಟು ಲಾಭವಿಲ್ಲ ಎಂದು ಕಂಡಿತು. ಒಂದು ಹದಿನೈದು ಇಂಚಿನದರ ಹಣದಲ್ಲಿ ಎರಡು ಹತ್ತು ಇಂಚಿನವು ಎಂಬುದು ನನ್ನ ಸಲಹೆ. ಎರಡಕ್ಕೆ ಜಾಗವೂ ವಯರೂ ಎಲ್ಲಿ ಎಂದು ಮನೆಯವರು ಕೇಳಿದರೆ ಉತ್ತರ ಕೊಡುವುದು ಕಷ್ಟ, ಒಪ್ಪುತ್ತೇನೆ.

ಒಂದೇ ಸಾಕೆನ್ನುವವರಿಗೆ ಖರ್ಚಿಲ್ಲದ ಉಪಾಯ ಒಂದಿದೆ. ಪೆಟ್ಟಿಗೆಯನ್ನು ಎತ್ತಿ ನೀವು ಕೂರುವ ಸೋಫಾದ ಮೇಲೇ ಇಡಿ. ಫೋನಿನಿಂದ 20ರಿಂದ 100 ಹರ್ಟ್ಸ್ ತನಕ ಮೆಲ್ಲನೆ ಏರುವ ಸ್ವರ ನುಡಿಸಿ. ನೀವು ನೆಲದ ಮೇಲೆ ಅಂಬೆಗಾಲಿಟ್ಟು, ಪೆಟ್ಟಿಗೆ ಇಡಲು ಸಾಧ್ಯವಿರುವ ಗೋಡೆಬುಡಗಳಲ್ಲೆಲ್ಲ ಕಿವಿ ತಗ್ಗಿಸುತ್ತ ಹೋಗಿ. ಕೆಲವು ಕಡೆ ಸ್ವರ ನಡುವೆ ಉಬ್ಬುತ್ತದೆ, ಕೆಲವು ಕಡೆ ಮಾಯವಾಗುತ್ತದೆ. ಎಲ್ಲಿ ಏರಿಳಿತ ತೀರ ಕಡಿಮೆಯೋ ಅಲ್ಲಿ ಪೆಟ್ಟಿಗೆ ಇಟ್ಟು, ನೀವು ಸೋಫಾಕ್ಕೆ ಮರಳಿ. ಸದ್ದು ಇಲ್ಲಿಂದ ಅಲ್ಲಿಗೆ ಹೋಗುವುದೂ ಅಲ್ಲಿಂದ ಇಲ್ಲಿಗೆ ಬರುವುದೂ ಒಂದೇ ಹಾದಿಯಾದ್ದರಿಂದ ಲೆಕ್ಕ ತಪ್ಪುವುದಿಲ್ಲ. ನೆಂಟರು ಇಲ್ಲದ ಹೊತ್ತು ನೋಡಿಕೊಂಡರಾಯಿತು. ಜಾಗ ಸಿಕ್ಕ ಮೇಲೆ ಶೋಕೇಸಿನ ಸ್ಟೀಲ್ ತಟ್ಟೆ, ಫೋಟೋಗಳ ಗಾಜು, ಕಿಟಕಿಯ ಸಡಿಲ ಕೊಂಡಿಗಳ ಸರದಿ. ಪೆಟ್ಟಿಗೆ ಕೆಟ್ಟಿದೆ ಎಂದು ದೂರುವ ಮೊದಲು ಕಟಕಟಗುಟ್ಟುವುದು ಅದೋ ಇವೋ ನೋಡಿಕೊಳ್ಳಬೇಕು.

ನೆರೆಮನೆಯವರ ಮಾತು ಬಂದರೆ ನನ್ನ ಪಕ್ಷ ಇನ್ನೂ ಗಟ್ಟಿ. ಗೋಡೆ ಸದ್ದು ತಡೆಯುವ ಶಕ್ತಿ ಕಂಪನ ಅರ್ಧವಾದಂತೆಲ್ಲ ಸುಮಾರು 6 ಡೆಸಿಬಲ್ ಕುಗ್ಗುತ್ತದೆ. 1000 ಹರ್ಟ್ಸ್‌ನಿಂದ 31ಕ್ಕೆ ಐದು ಮೆಟ್ಟಿಲು, ಅಂದರೆ 30 ಡೆಸಿಬಲ್ ಕಡಿಮೆ ತಡೆ. ಮಣಿಪಾಲದ ಅಪಾರ್ಟ್‌ಮೆಂಟಿನಲ್ಲಿ ಪಕ್ಕದವರಿಗೆ ಸಿನಿಮಾದ ಒಂದು ಮಾತೂ ಕೇಳಿಸುವುದಿಲ್ಲ, ಕೇಳಿಸುವುದು ಗುದ್ದು ಮಾತ್ರ. ಕೆಳಗಿನ ಮನೆಯವರಿಗೆ ಅದು ಸ್ಲ್ಯಾಬಿನ ಮೂಲಕ ಮಂಚಕ್ಕೇ ಇಳಿಯುತ್ತದೆ. ಪರೀಕ್ಷೆಗೆ ಓದುವ ವೈದ್ಯ ವಿದ್ಯಾರ್ಥಿಗೆ ಕಥೆಯಿಲ್ಲದ ಗುದ್ದಿನಷ್ಟು ಹಿಂಸೆ ಬೇರೆಯಿಲ್ಲ. ಕಾನೂನಿದೆಯಲ್ಲ ಎಂದರೆ, 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ 45 ಡೆಸಿಬಲ್ ಎಂದು ಮಿತಿ ಹಾಕಿವೆ. ಆದರೆ ಆ ಅಳತೆ ‘ಎ’ ಮಾಪಕದ್ದು. ಆ ಮಾಪಕ 31 ಹರ್ಟ್ಸ್ ಹತ್ತಿರದ ಸದ್ದಿಗೆ ಸುಮಾರು 39, 63ರ ಹತ್ತಿರದ್ದಕ್ಕೆ 26 ಡೆಸಿಬಲ್ ರಿಯಾಯಿತಿ ಕೊಟ್ಟುಬಿಡುತ್ತದೆ. ಮೀಟರಿನ ಪ್ರಕಾರ ನಿರಪರಾಧಿಯಾದವನು ಕೆಳಮಹಡಿಯವರ ಪ್ರಕಾರ ಅಪರಾಧಿಯಾಗಿಯೇ ಉಳಿಯಬಹುದು. ಪೆಟ್ಟಿಗೆಯ ಕಾಲಿಗೆ ದಪ್ಪ ರಬ್ಬರ್ ಇಡುವುದರಿಂದ ನೆಲದ ನಡುಕ ಸ್ವಲ್ಪ ತಗ್ಗೀತು, ಗಾಳಿಯ ಸದ್ದು ತಗ್ಗದು. ರಾತ್ರಿ ಹತ್ತರ ಮೇಲೆ ವೂಫರಿನ ತಿರುಗಣೆಯನ್ನು ಪ್ರತ್ಯೇಕವಾಗಿ ಇಳಿಸುವುದೊಂದೇ ದಾರಿ. ರಿಮೋಟಿನಲ್ಲಿ ಅದಕ್ಕೊಂದು ಗುಂಡಿ ಇದೆಯೇ ಎಂದು ಕೊಳ್ಳುವಾಗಲೇ ನೋಡಬೇಕು. ಎದ್ದು ಹೋಗಿ ಪೆಟ್ಟಿಗೆಯ ಬೆನ್ನಿನಲ್ಲಿ ತಡಕಾಡಬೇಕಾದರೆ ಯಾರೂ ಇಳಿಸುವುದಿಲ್ಲ.

ಕೊನೆಗೆ ಕಾಪು. 1901ರಿಂದ ದೀಪಸ್ತಂಭ ನಿಂತಿರುವ ಆ ಬಂಡೆಯ ಆಸುಪಾಸಿನ ಮನೆಗಳಿಗೆ ಉಪ್ಪುಗಾಳಿ ನೇರ ಬರುತ್ತದೆ. ಸ್ಪೀಕರ್ ವಯರಿನ ತಾಮ್ರ ಹಸಿರು ಹಿಡಿಯುತ್ತದೆ, ಎಂಡಿಎಫ್ ಪೆಟ್ಟಿಗೆಯ ತಳ ಮಳೆಗಾಲದಲ್ಲಿ ಉಬ್ಬುತ್ತದೆ, ಕೋನಿನ ಅಂಚಿನ ಪಟ್ಟಿ ಫೋಮಿನದಾಗಿದ್ದರೆ ಕೆಲವು ವರ್ಷಗಳಲ್ಲಿ ಮುಟ್ಟಿದರೆ ಪುಡಿಯಾಗುತ್ತದೆ. ಅಲ್ಲಿಗೆ ರಬ್ಬರ್ ಅಂಚೇ ಬೇಕು, ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮೊದಲು ಬೆರಳಿಟ್ಟು ನೋಡಬೇಕಾದದ್ದೂ ಅದನ್ನೇ. ಸದಾ ಸ್ಟ್ಯಾಂಡ್‌ಬೈನಲ್ಲಿರುವ ಈ ಪೆಟ್ಟಿಗೆಗಳಿಗೆ ಸಿಡಿಲೂ ಶತ್ರು. ಮೇ ತಿಂಗಳಿನಲ್ಲೂ ಅಕ್ಟೋಬರಿನಲ್ಲೂ ಮೂಡಣ ಕಪ್ಪಾದೊಡನೆ ಪ್ಲಗ್ ಕೀಳಬೇಕು, ಡಿಶ್ಶಿನ ಕೇಬಲ್ಲನ್ನೂ ಕೀಳಬೇಕು. ಆಟಿ ತಿಂಗಳ ಮಳೆಯ ಪ್ರಶ್ನೆ ಇನ್ನೊಂದು. ಹಂಚಿನ ಮೇಲೆ, ಅದಕ್ಕಿಂತಲೂ ತಗಡಿನ ಮೇಲೆ, ಮಳೆ ಬೀಳುವ ಸದ್ದು ಮಾತಿನ ಸದ್ದನ್ನು ಮುಚ್ಚುತ್ತದೆ. ಮಾತು ಕೇಳಿಸಲೆಂದು ವಾಲ್ಯೂಮ್ ಏರಿಸಿದರೆ ಜೊತೆಗೆ ವೂಫರೂ ಏರುತ್ತದೆ. ಹೊರಗೆ ಕಡಲು ಮೊರೆಯುತ್ತಿರುತ್ತದೆ, ಒಳಗೆ ಪೆಟ್ಟಿಗೆ, ನಡುವೆ ಸಂಭಾಷಣೆ ಎಲ್ಲಿಯೋ ಕಳೆದುಹೋಗುತ್ತದೆ. ಕಡಲ ಬದಿಯ ಹಂಚಿನ ಮನೆಯವರು ಮಳೆಗಾಲದಲ್ಲೇ ಹೆಚ್ಚು ಸಿನಿಮಾ ನೋಡುವವರಾದರೆ ಅವರಿಗೆ ನಾನು ಹೇಳುವುದು ಬೇರೆಯೇ: ಸಬ್‌ವೂಫರಿನ ಹಣವನ್ನು ಒಂದು ಒಳ್ಳೆಯ ನಡುಸ್ಪೀಕರಿಗೆ ಹಾಕಿ, ಮಾತು ಅದರಿಂದಲೇ ಬರುವುದು.